ಫ್ರೇಮ್ ಅದೇ ಇರಲಿ, ನಡೆ ಬದಲಾಗಲಿ: ಹಳೆ ಎಂಟಿಬಿಯ ಜಿಯೊಮೆಟ್ರಿ ತಿದ್ದುವ ಸಮಗ್ರ ಮಾರ್ಗದರ್ಶಿ

ದೇವನಹಳ್ಳಿ ದಾಟಿ ಅವತಿ ಬೆಟ್ಟದ ಕಡೆ ಸೈಕಲ್ ತುಳಿದವರಿಗೆ ಅಲ್ಲಿಯ ನೆಲ ಗೊತ್ತು. ಕೆಳಗೆ ಗಟ್ಟಿ ಬಂಡೆ, ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಗರಸು. ನನ್ನ ಹಳೆ ಹಾರ್ಡ್‌ಟೇಲ್‌ನಲ್ಲಿ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಎಂಟಿಬಿ, ಅಂದರೆ ಮೌಂಟನ್ ಬೈಕ್) ಅಲ್ಲಿ ಇಳಿಯುವಾಗ ಪ್ರತಿ ಸಲ ಒಂದೇ ಪಾಡು. ಕಡಿದಾದ ತಿರುವು ಬಂದ ಕೂಡಲೇ ಮೈಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತಿತ್ತು. ಹ್ಯಾಂಡಲ್ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಎರಡು ಸಲ ಬಿದ್ದೆ. ಮೂರನೇ ಸಲ ಮೊಣಕೈ ಚರ್ಮ ಕಿತ್ತು ಬಂತು. ಟಯರ್ ಬದಲಿಸಿದೆ, ಬ್ರೇಕ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ತೊಂದರೆ ಇದ್ದದ್ದು ಸೈಕಲ್ಲಿನ ಕೋನ, ಅಳತೆಗಳಲ್ಲಿ, ಅಂದರೆ ಜಿಯೊಮೆಟ್ರಿಯಲ್ಲಿ.

ಹೊಸ ಸೈಕಲ್ ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಫ್ರೇಮ್ ಕೂಡ ಗಟ್ಟಿಮುಟ್ಟಾಗಿತ್ತು. ಹಾಗಾಗಿ ಸುಮಾರು ಒಂದು ವರ್ಷ ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋದೆ. ಅದೇ ಫ್ರೇಮ್, ಈಗ ಬೇರೆಯದೇ ಸೈಕಲ್ ಅನ್ನಿಸುತ್ತದೆ. ಆ ಕೆಲಸವನ್ನು ಮಾಡಿದ ಕ್ರಮದಲ್ಲೇ, ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ. ಲೆಕ್ಕಕ್ಕೆ ನನ್ನ ಸೈಕಲ್ಲಿನ ಅಳತೆಗಳನ್ನೇ ಇಟ್ಟುಕೊಂಡಿದ್ದೇನೆ: 29 ಇಂಚಿನ ಚಕ್ರ, 100 ಮಿ.ಮೀ. ಕುಸಿಯುವ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಹೆಡ್ ಆಂಗಲ್ 69.5 ಡಿಗ್ರಿ, ಸೀಟ್ ಆಂಗಲ್ 73, ಎರಡು ಚಕ್ರಗಳ ಆಕ್ಸಲ್ ನಡುವೆ 1110 ಮಿ.ಮೀ., 80 ಮಿ.ಮೀ. ಸ್ಟೆಮ್ (ಹ್ಯಾಂಡಲ್ ಬಾರನ್ನು ಫೋರ್ಕಿಗೆ ಜೋಡಿಸುವ ತುಂಡು), 700 ಮಿ.ಮೀ. ಬಾರ್. ಹತ್ತು ವರ್ಷದ ಹಿಂದಿನ ಹಾರ್ಡ್‌ಟೇಲ್ ನಿಮ್ಮ ಹತ್ತಿರ ಇದ್ದರೆ ಅದರ ಅಳತೆಯೂ ಇದರ ಆಸುಪಾಸಿನಲ್ಲೇ ಇರುತ್ತದೆ.

ಮೊದಲು ತಿಳಿಯಬೇಕಾದ್ದು

ಹೆಡ್ ಆಂಗಲ್ ಅಂದರೆ ನೆಲಕ್ಕೂ ಫೋರ್ಕಿಗೂ ನಡುವಿನ ಕೋನ. ಸಂಖ್ಯೆ ಕಡಿಮೆಯಾದಷ್ಟೂ ಮುಂದಿನ ಚಕ್ರ ನಿಮ್ಮಿಂದ ಮುಂದೆ ಚಾಚಿಕೊಳ್ಳುತ್ತದೆ. 1990ರ ದಶಕದ ರೇಸ್ ಎಂಟಿಬಿಗಳಲ್ಲಿ ಇದು 71 ಡಿಗ್ರಿ ಇತ್ತು, ಹೆಚ್ಚುಕಡಿಮೆ ರಸ್ತೆ ಸೈಕಲ್ಲಿನ ಹಾಗೆ. ಈಗಿನ ಸಾಮಾನ್ಯ ಎಂಟಿಬಿಗಳಲ್ಲಿ 65, 66. ಡೌನ್‌ಹಿಲ್ ಸೈಕಲ್ಲುಗಳಲ್ಲಿ 63ರ ಹತ್ತಿರ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರೀಪ್ಯಾಕ್ ಇಳಿಜಾರು ರೇಸ್ ಶುರುವಾದಾಗ ಓಡಿಸಿದ್ದು ದಪ್ಪ ಟಯರಿನ ಹಳೆ ಕ್ರೂಸರ್ ಸೈಕಲ್ಲುಗಳನ್ನು. ಅವುಗಳ ಫೋರ್ಕ್ ಚೆನ್ನಾಗಿ ಮುಂದಕ್ಕೆ ಚಾಚಿಕೊಂಡೇ ಇತ್ತು. ರೇಸ್ ಬೈಕ್‌ಗಳ ಕಾಲದಲ್ಲಿ ಕೋನ ಕಡಿದಾಯಿತು. ಈಗ ಮತ್ತೆ ಚಾಚಿಕೊಂಡಿದೆ.

ಚಾಚಿದರೆ ಏನು ಲಾಭ? ಅಂಗಡಿಯ ತಳ್ಳುಗಾಡಿಯ ಪುಟ್ಟ ಚಕ್ರ ನೋಡಿ. ಗಾಡಿ ಎತ್ತ ಹೋದರೂ ಆ ಚಕ್ರ ಹಿಂದೆ ಎಳೆದುಕೊಂಡು ತಾನೇ ನೇರವಾಗುತ್ತದೆ. ಸೈಕಲ್ಲಿನ ಮುಂದಿನ ಚಕ್ರವೂ ಹಾಗೇ. ಹೆಡ್ ಟ್ಯೂಬಿನ (ಫೋರ್ಕಿನ ಮೇಲುಕೊಳವೆ ತೂರುವ ಫ್ರೇಮಿನ ಕೊಳವೆ) ನಡುವಿನಿಂದ ಅದರ ಓರೆಯಲ್ಲೇ ಗೆರೆ ಎಳೆದರೆ ಅದು ನೆಲ ಮುಟ್ಟುವ ಜಾಗ, ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಇರುತ್ತದೆ. ಈ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ನನ್ನ ಸೈಕಲ್ಲಿನಲ್ಲಿ ಇದು ಸುಮಾರು 84 ಮಿ.ಮೀ. ಇತ್ತು. ಕೆಲಸ ಮುಗಿದ ಮೇಲೆ 97. ಕಲ್ಲು ತಾಗಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳದೆ ತಾನೇ ನೇರವಾಗುವುದು ಈ 13 ಮಿ.ಮೀ.ನಿಂದ.

ಇನ್ನು ರೀಚ್: ಪೆಡಲ್ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಹೆಡ್ ಟ್ಯೂಬಿನ ಮೇಲುತುದಿಯವರೆಗಿನ ಅಡ್ಡ ಅಂತರ. ನಿಂತು ಇಳಿಯುವಾಗ ನಿಮಗೆ ಸಿಗುವ ಜಾಗ ಇದು. ಬಿಬಿ (ಬಾಟಮ್ ಬ್ರಾಕೆಟ್) ಎತ್ತರ: ಅದೇ ಕ್ರ್ಯಾಂಕಿನ ಅಚ್ಚಿನ ನಡುವಿನಿಂದ ನೆಲದವರೆಗೆ. ತಗ್ಗಿದ್ದರೆ ತಿರುವಿನಲ್ಲಿ ಸೈಕಲ್ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ, ಆದರೆ ಪೆಡಲ್ ಕಲ್ಲಿಗೆ ಬಡಿಯುತ್ತದೆ. ಸೀಟ್ ಆಂಗಲ್, ಅಂದರೆ ನೆಲಕ್ಕೂ ಸೀಟಿನ ಕೊಳವೆಗೂ ನಡುವಿನ ಕೋನ, ಹತ್ತುವಾಗ ಮುಖ್ಯ.

ಈ ನಾಲ್ಕೂ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದನ್ನು ಎಳೆದರೆ ಉಳಿದ ಮೂರೂ ಅಲುಗಾಡುತ್ತವೆ. ಫೋರ್ಕ್ ಉದ್ದ ಮಾಡಿದವರು ಸೀಟನ್ನು ಮುಟ್ಟದೆ ಬಿಟ್ಟರೆ, ಇಳಿಯುವಾಗ ಸಿಕ್ಕ ಸುಖವನ್ನು ಹತ್ತುವಾಗ ಕಳೆದುಕೊಳ್ಳುತ್ತಾರೆ. ಈ ಬರಹದುದ್ದಕ್ಕೂ ನಾನು ಮತ್ತೆ ಮತ್ತೆ ಹಿಂದಿರುಗಿ ಬರುವುದು ಈ ಮಾತಿಗೇ.

ಹಂತ 1: ದೂರು ಏನು ಅಂತ ಬರೆದುಕೊಳ್ಳಿ

"ಸೈಕಲ್ ಸರಿಯಿಲ್ಲ" ಅಂದರೆ ಸಾಲದು. ಎಲ್ಲಿ, ಯಾವಾಗ, ಏನಾಗುತ್ತದೆ? ಇಳಿಯುವಾಗ ಮುಂದಕ್ಕೆ ಪಲ್ಟಿ ಹೊಡೆಯುವ ಭಯವಾ? ಹೆಡ್ ಆಂಗಲ್ ಕಡಿದಾಗಿದೆ ಅಥವಾ ಹ್ಯಾಂಡಲ್ ತಗ್ಗಿನಲ್ಲಿದೆ. ಹತ್ತುವಾಗ ಮುಂದಿನ ಚಕ್ರ ಎದ್ದು ಅಲೆದಾಡುತ್ತದಾ? ಸೀಟು ತುಂಬಾ ಹಿಂದಿದೆ. ಪೆಡಲ್ ಬಡಿಯುತ್ತದಾ? ಬಿಬಿ ತಗ್ಗಿದೆ ಅಥವಾ ಕ್ರ್ಯಾಂಕ್ ಉದ್ದ. ದಾರಿ ಸಪಾಟಾಗಿದ್ದು ನಿಮಗೆ ಯಾವ ದೂರೂ ಇಲ್ಲದಿದ್ದರೆ, ದಯವಿಟ್ಟು ಏನೂ ಬದಲಿಸಬೇಡಿ. ಚಾಚಿದ ಫೋರ್ಕ್ ನಿಧಾನದ ಸಪಾಟು ದಾರಿಯಲ್ಲಿ ಭಾರ ಅನ್ನಿಸುತ್ತದೆ.

ಹಂತ 2: ಈಗಿರುವುದನ್ನು ಅಳೆಯಿರಿ

ಕಂಪನಿಯ ಚಾರ್ಟ್ ನಂಬಿ ಕೂರಬೇಡಿ. ನಿಮ್ಮ ಟಯರ್ ಬೇರೆ, ಫೋರ್ಕ್ ಬೇರೆ ಇರಬಹುದು. ಬೇಕಾದ್ದು ಟೇಪು, ಬಳಪ, ಗಾರೆ ಕೆಲಸದವರ ತೂಗುಗುಂಡು, ಮೊಬೈಲಿನ ರಸಮಟ್ಟದ ಆ್ಯಪ್. ಟಯರಿಗೆ ಎಂದಿನ ಗಾಳಿ ತುಂಬಿ, ಸೈಕಲ್ಲನ್ನು ಗೋಡೆಗೆ ಒತ್ತಿ ನೇರ ನಿಲ್ಲಿಸಿ.

ಮೊಬೈಲನ್ನು ಫೋರ್ಕಿನ ಹೊಳೆಯುವ ಮೇಲುಕಾಲಿಗೆ ಒರಗಿಸಿ ಕೋನ ನೋಡಿ. ಹೆಡ್ ಟ್ಯೂಬಿಗೆ ಇಡಬೇಡಿ. ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಟ್ಯೂಬಿನ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಒಮ್ಮೆ ಅಳೆದ ಮೇಲೆ ಸೈಕಲ್ಲಿನ ಮುಖ ಎದುರು ದಿಕ್ಕಿಗೆ ಬರುವ ಹಾಗೆ ತಿರುಗಿಸಿ, ಅದೇ ಜಾಗದಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡರ ಸರಾಸರಿ ತೆಗೆದುಕೊಳ್ಳಿ. ನಮ್ಮ ಮನೆಯ ವೆರಾಂಡ ನೀರು ಹರಿಯಲಿ ಅಂತ ಸ್ವಲ್ಪ ಓರೆ ಮಾಡಿದ್ದು. ತಿರುಗಿಸದೆ ಅಳೆದಾಗ ಮುಕ್ಕಾಲು ಡಿಗ್ರಿ ತಪ್ಪು ಬಂದಿತ್ತು.

ರೀಚ್ ಅಳೆಯಲು ಹೆಡ್ ಟ್ಯೂಬಿನ ಮೇಲುತುದಿಯ ನಡುವಿನಿಂದ ತೂಗುಗುಂಡು ಬಿಟ್ಟು ಗೋಡೆ ಮೇಲೆ ಬಳಪದ ಗೆರೆ ಹಾಕಿ. ಕ್ರ್ಯಾಂಕಿನ ನಡುವಿಗೂ ಹಾಗೇ ಇನ್ನೊಂದು ಗೆರೆ. ಎರಡು ಗೆರೆಗಳ ಅಂತರವೇ ರೀಚ್. ಬಿಬಿ ಎತ್ತರ, ಚಕ್ರಗಳ ನಡುವಿನ ಅಂತರ, ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲ್‌ವರೆಗಿನ ಅಳತೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಫೋಟೊ ಕೂಡ ತೆಗೆದಿಡಿ.

ಹಂತ 3: ದುಡ್ಡು ಹಾಕದೆ ಆಗುವಷ್ಟನ್ನು ಮೊದಲು ಮಾಡಿ

ಎಲ್ಲಕ್ಕಿಂತ ಅಗ್ಗದ ಆಂಗಲ್ ಅಡ್ಜಸ್ಟರ್ ಅಂದರೆ ಶಾಕ್ ಪಂಪು, ಫೋರ್ಕಿಗೆ ಗಾಳಿ ತುಂಬುವ ಪಂಪು. ನೀವು ಸೈಕಲ್ ಮೇಲೆ ಕೂತಾಗ ಫೋರ್ಕ್ ಸ್ವಲ್ಪ ಕುಸಿಯುತ್ತದೆ. ಅದೇ ಸ್ಯಾಗ್. ಹಾರ್ಡ್‌ಟೇಲ್‌ನಲ್ಲಿ ಮುಂದೆ ಮಾತ್ರ ಕುಸಿಯುವುದರಿಂದ ಹೆಡ್ ಆಂಗಲ್ ಕಡಿದಾಗುತ್ತದೆ. 120 ಮಿ.ಮೀ. ಫೋರ್ಕಿನಲ್ಲಿ ಶೇ. 30 ಸ್ಯಾಗ್ ಅಂದರೆ 36 ಮಿ.ಮೀ. ಕುಸಿತ, ಸುಮಾರು 1.7 ಡಿಗ್ರಿ ನಷ್ಟ. ಶೇ. 20ಕ್ಕೆ ತಂದರೆ 24 ಮಿ.ಮೀ., ಸುಮಾರು 1.1 ಡಿಗ್ರಿ. ಬರೀ ಗಾಳಿಯಿಂದ ಅರ್ಧ ಡಿಗ್ರಿಗಿಂತ ಜಾಸ್ತಿ ಸಿಕ್ಕಿತು, ಅಲ್ವಾ?

ಅಳೆಯುವುದು ಸುಲಭ. ಫೋರ್ಕಿನ ಕಾಲಿಗೆ ರಬ್ಬರ್ ಉಂಗುರ ಇಲ್ಲದಿದ್ದರೆ ಒಂದು ಜಿಪ್ ಟೈ ಸಡಿಲವಾಗಿ ಕಟ್ಟಿ. ಬ್ಯಾಗು, ನೀರು, ಹೆಲ್ಮೆಟ್ ಸಮೇತ ಹತ್ತಿ ಪೆಡಲ್ ಮೇಲೆ ನಿಲ್ಲಿ. ಯಾರಾದರೂ ಸೈಕಲ್ ಹಿಡಿದು ಜಿಪ್ ಟೈಯನ್ನು ಕೆಳಕ್ಕೆ ತಳ್ಳಲಿ. ಮೆಲ್ಲಗೆ ಇಳಿದು ಟೈ ಎಷ್ಟು ಸರಿದಿದೆ ನೋಡಿ. ಹಾರ್ಡ್‌ಟೇಲ್‌ಗೆ ನಾನು ಶೇ. 20ರ ಆಸುಪಾಸು ಇಡುತ್ತೇನೆ. ಕಾಯಿಲ್ ಸ್ಪ್ರಿಂಗ್ ಇರುವ ಕಡಿಮೆ ಬೆಲೆಯ ಫೋರ್ಕ್ ಆದರೆ ಈ ಅವಕಾಶ ಕಮ್ಮಿ. ಮೇಲಿನ ನಾಬ್ ಸ್ಪ್ರಿಂಗನ್ನು ಸ್ವಲ್ಪ ಮಾತ್ರ ಬಿಗಿ ಮಾಡುತ್ತದೆ.

ಆಮೇಲೆ ಸ್ಟೆಮ್ ಮೇಲಿರುವ ಸ್ಪೇಸರ್ ಉಂಗುರಗಳನ್ನು ಅದರ ಕೆಳಗೆ ಹಾಕಿ ಹ್ಯಾಂಡಲ್ ಎತ್ತರಿಸಿ ನೋಡಿ. ಇಳಿಜಾರಿನ ಭಯ ಎಷ್ಟೋ ಜನಕ್ಕೆ ಇಷ್ಟರಲ್ಲೇ ಅರ್ಧ ಹೋಗುತ್ತದೆ.

ಹಂತ 4: ಸ್ಟೆಮ್ ಮತ್ತು ಹ್ಯಾಂಡಲ್ ಬಾರ್

ಇದು ಫ್ರೇಮಿನ ಕೋನ ಮುಟ್ಟುವುದಿಲ್ಲ. ಆದರೆ ನಿಮ್ಮ ಕೈ ಎಲ್ಲಿರುತ್ತದೆ, ಭಾರ ಎಲ್ಲಿ ಬೀಳುತ್ತದೆ ಅನ್ನುವುದನ್ನು ಪೂರ್ತಿ ಬದಲಿಸುತ್ತದೆ. ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಟ್ಟದ್ದು ನನಗೆ ಇದೇ.

ಇಲ್ಲಿ ಒಂದು ಎಚ್ಚರ. "ಎಂಟಿಬಿಗೆ 35 ಮಿ.ಮೀ. ಸ್ಟೆಮ್ ಹಾಕು" ಅಂತ ಎಲ್ಲರೂ ಹೇಳುತ್ತಾರೆ. ಅದು ಉದ್ದ ರೀಚ್ ಇರುವ ಈಗಿನ ಫ್ರೇಮುಗಳಿಗೆ ಸರಿ. ಹಳೆ ಫ್ರೇಮಿನ ರೀಚ್ ಮೊದಲೇ ಗಿಡ್ಡ, ಉದ್ದ ಸ್ಟೆಮ್ ಇರುತ್ತದೆ ಅಂತ ಎಣಿಸಿಯೇ ಮಾಡಿದ್ದು. ಅದಕ್ಕೆ 35 ಹಾಕಿದರೆ ಮೊಣಕಾಲು ಹ್ಯಾಂಡಲ್‌ಗೆ ತಾಗುವ ಹಾಗೆ ಮುದುಡಿ ಕೂರಬೇಕು. ನಾನು ಮೊದಲು 50 ಹಾಕಿ, ಹತ್ತುವಾಗ ಇಕ್ಕಟ್ಟು ಅನ್ನಿಸಿ 60ಕ್ಕೆ ನಿಂತೆ. ರೀಚನ್ನು ಬಿಡಿಭಾಗದಿಂದ ನಿಜವಾಗಿ ಉದ್ದ ಮಾಡಲು ಆಗುವುದಿಲ್ಲ. ಹಳೆ ಫ್ರೇಮಿನ ಮಿತಿ ಇರುವುದು ಅಲ್ಲೇ. ಅದನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಸ್ಟೆಮ್ ಗಿಡ್ಡ ಮಾಡಿದಾಗ ಬಾರ್ ಅಗಲ ಮಾಡಿ. 700ರಿಂದ 760ಕ್ಕೆ ಹೋದರೆ ಕೈ ಅಗಲವಾಗಿ ಎದೆ ಸ್ವಲ್ಪ ತಗ್ಗುತ್ತದೆ, ಸ್ಟೆಮ್‌ನಲ್ಲಿ ಕಳೆದುಕೊಂಡ ಉದ್ದ ಒಂದಷ್ಟು ವಾಪಸ್ ಬರುತ್ತದೆ. ಬಾರ್ ಅಗಲವಾಗಿಯೇ ಬರುತ್ತದೆ. ಬಂದ ದಿನವೇ ಕತ್ತರಿಸಬೇಡಿ. ಗ್ರಿಪ್ಪನ್ನು ಒಳಗೆ ಸರಿಸಿಕೊಂಡು ಮೂರ್ನಾಲ್ಕು ವಾರ ಓಡಿಸಿ, ಆಮೇಲೆ ತೀರ್ಮಾನ ಮಾಡಿ. ಕೊಳ್ಳುವಾಗ ಹಿಡಿತದ ಅಳತೆ ನೋಡಿ: 31.8 ಮತ್ತು 35 ಮಿ.ಮೀ. ಎಂಬ ಎರಡು ಬಗೆ ಇವೆ, ಒಂದಕ್ಕೊಂದು ಕೂರುವುದಿಲ್ಲ. ಬ್ರೇಕ್, ಗೇರ್ ಕೇಬಲ್‌ಗಳು ಹೊಸ ಅಗಲಕ್ಕೆ ಸಾಕಾಗುತ್ತವಾ ಅನ್ನುವುದನ್ನೂ ನೋಡಿ.

ಕೂರಿಸುವಾಗ ಕ್ರಮ ತಪ್ಪಬೇಡಿ. ಸ್ಟೀರರ್ ಟ್ಯೂಬಿನ (ಫೋರ್ಕಿನ ಮೇಲುಕೊಳವೆ) ತುದಿ ಸ್ಟೆಮ್ ಅಥವಾ ಮೇಲಿನ ಸ್ಪೇಸರ್‌ಗಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು. ಮೊದಲು ಮೇಲಿನ ಕ್ಯಾಪ್ ಬೋಲ್ಟ್, ಬೇರಿಂಗ್ ಅಲುಗಾಟ ನಿಲ್ಲುವಷ್ಟು ಮಾತ್ರ. ಆಮೇಲೆ ಪಕ್ಕದ ಬೋಲ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪ. ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್. ಸ್ಟೆಮ್ ಮೇಲೆ ಬರೆದಿರುತ್ತದೆ, ಅದೇ ಅಂತಿಮ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹೆಡ್‌ಸೆಟ್ (ಹೆಡ್ ಟ್ಯೂಬಿನ ಬೇರಿಂಗ್ ಜೋಡಣೆ) ಮೇಲೆ ಬೆರಳಿಡಿ. ಟಕ್ ಟಕ್ ಅಂದರೆ ಇನ್ನೂ ಸಡಿಲ.

ಹಂತ 5: ಫೋರ್ಕ್

ಇಲ್ಲಿ ದುಡ್ಡೂ ಜಾಸ್ತಿ, ತಪ್ಪೂ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎಲ್ಲರೂ ನೋಡುವುದು ಟ್ರಾವೆಲ್, ಅಂದರೆ ಫೋರ್ಕ್ ಎಷ್ಟು ಮಿ.ಮೀ. ಕುಸಿಯಬಲ್ಲದು ಅನ್ನುವುದು: 100, 120, 140 ಅಂತ. ಆದರೆ ಕೋನ ಬದಲಿಸುವುದು ಟ್ರಾವೆಲ್ ಅಲ್ಲ, ಫೋರ್ಕಿನ ಒಟ್ಟು ಉದ್ದ: ಚಕ್ರದ ಆಕ್ಸಲ್‌ನಿಂದ, ಎರಡು ಕಾಲು ಕೂಡುವ ಮೇಲಿನ ಕ್ರೌನ್‌ವರೆಗೆ. ಒಂದೇ 120 ಟ್ರಾವೆಲ್ ಇದ್ದರೂ ಎರಡು ಕಂಪನಿಯ ಫೋರ್ಕ್ ಈ ಉದ್ದದಲ್ಲಿ ಹತ್ತು ಮಿ.ಮೀ. ವ್ಯತ್ಯಾಸ ಇರಬಹುದು. ಕೊಳ್ಳುವ ಮೊದಲು ಈ ಅಂಕಿಯನ್ನು ಕಂಪನಿಯ ಚಾರ್ಟ್‌ನಲ್ಲಿ ಹುಡುಕಿ, ನಿಮ್ಮ ಹಳೆ ಫೋರ್ಕಿನ ಉದ್ದವನ್ನು ಟೇಪಿನಲ್ಲಿ ಅಳೆಯಿರಿ.

ಲೆಕ್ಕ ಹೀಗೆ. ಫೋರ್ಕ್ 20 ಮಿ.ಮೀ. ಉದ್ದವಾದರೆ, ಓರೆಯಾಗಿರುವುದರಿಂದ ಮುಂಭಾಗ ಏರುವುದು ಸುಮಾರು 18.7 ಮಿ.ಮೀ. ಅದನ್ನು ಚಕ್ರಗಳ ನಡುವಿನ 1110ರಿಂದ ಭಾಗಿಸಿ 57.3ರಿಂದ ಗುಣಿಸಿ. 0.97 ಡಿಗ್ರಿ ಬರುತ್ತದೆ. ಅಂದರೆ 10 ಮಿ.ಮೀ.ಗೆ ಹತ್ತಿರ ಹತ್ತಿರ ಅರ್ಧ ಡಿಗ್ರಿ. ನನ್ನ 69.5 ಹೀಗೆ 68.5 ಆಯಿತು.

ಈಗ ಉಳಿದ ಮೂರು ಏನಾದವು? ಇಡೀ ಸೈಕಲ್ ಹಿಂದಿನ ಆಕ್ಸಲ್ ಸುತ್ತ ಒಂದು ಡಿಗ್ರಿ ಹಿಂದಕ್ಕೆ ತಿರುಗಿದ ಹಾಗೆ. ಸೀಟ್ ಆಂಗಲ್ 73ರಿಂದ 72ಕ್ಕೆ ಇಳಿಯಿತು. ಬಿಬಿ ಸುಮಾರು 7 ಮಿ.ಮೀ. ಏರಿತು. ರೀಚ್ ಸುಮಾರು 10 ಮಿ.ಮೀ. ಕುಗ್ಗಿತು. ಮೊದಲೇ ಗಿಡ್ಡ ಇದ್ದ ರೀಚ್ ಇನ್ನೂ ಗಿಡ್ಡ.

ಇದಕ್ಕೇ 140 ಹಾಕಬೇಡಿ ಅನ್ನುವುದು. ನನಗೆ ಯಾರೋ ಬಳಸಿದ 140ರ ಫೋರ್ಕ್ ಅಗ್ಗಕ್ಕೆ ಸಿಕ್ಕಿತ್ತು, ಒಂದು ವಾರ ಹಾಕಿ ಓಡಿಸಿದೆ. ಇಳಿಯುವಾಗ ಹಾಸಿಗೆ ಮೇಲೆ ಹೋದ ಹಾಗೆ. ಹತ್ತುವಾಗ ಮುಂದಿನ ಚಕ್ರ ಗಾಳಿಯಲ್ಲಿ ತೂಗಾಡುತ್ತಿತ್ತು, ಸೊಂಟ ಹಿಡಿದುಕೊಂಡಿತು. ಅದಕ್ಕಿಂತ ದೊಡ್ಡ ಮಾತು ಫ್ರೇಮಿನದು. ಉದ್ದ ಫೋರ್ಕ್ ಸನ್ನೆಗೋಲಿನ ಹಾಗೆ. ಪ್ರತಿ ಹೊಡೆತಕ್ಕೂ ಹೆಡ್ ಟ್ಯೂಬ್ ಮತ್ತು ಅಲ್ಲಿಂದ ಕ್ರ್ಯಾಂಕಿನತ್ತ ಇಳಿಯುವ ಡೌನ್ ಟ್ಯೂಬ್ ಸೇರುವ ಬೆಸುಗೆಯನ್ನು ಮೀಟುತ್ತದೆ. ಫ್ರೇಮ್ ಕಂಪನಿ ಹೇಳಿದ ಗರಿಷ್ಠ ಟ್ರಾವೆಲ್ ದಾಟಬೇಡಿ. 100ಕ್ಕೆ ಮಾಡಿದ ಫ್ರೇಮಿಗೆ 120 ಒಪ್ಪಿಗೆ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆ ಬೆಸುಗೆ ಬಿಟ್ಟರೆ ಬೀಳುವುದು ಮುಖ ಅಡಿಯಾಗಿ.

ಫೋರ್ಕ್ ಕೂರುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಹಳೆ ಸೈಕಲ್ಲುಗಳ ಸ್ಟೀರರ್ ಮೇಲಿಂದ ಕೆಳಗೆ ಒಂದೇ ದಪ್ಪ, 28.6 ಮಿ.ಮೀ. ಈಗಿನ ಫೋರ್ಕುಗಳಲ್ಲಿ ಬಹುಪಾಲು ಟೇಪರ್ಡ್, ಅಂದರೆ ಕೆಳಗೆ ದಪ್ಪ. ಹೆಡ್ ಟ್ಯೂಬಿನ ಒಳ ಅಳತೆ 34 ಮಿ.ಮೀ. ಆದರೆ ಟೇಪರ್ಡ್ ಕೂರುವುದೇ ಇಲ್ಲ. 44 ಮಿ.ಮೀ. ಆದರೆ ಹೊರಗೆ ಚಾಚುವ ಕೆಳಗಿನ ಕಪ್ (ಬೇರಿಂಗ್ ಕೂರುವ ಬಟ್ಟಲು) ಹಾಕಿ ಕೂರಿಸಬಹುದು. ಆ ಕಪ್ ತಾನೇ ಹತ್ತು ಹನ್ನೆರಡು ಮಿ.ಮೀ. ಎತ್ತರ ಸೇರಿಸುತ್ತದೆ, ಅಂದರೆ ಅರ್ಧ ಡಿಗ್ರಿ. ಅದನ್ನೂ ಲೆಕ್ಕಕ್ಕೆ ಸೇರಿಸಿ. ಚಕ್ರದ ಹಬ್ 9 ಮಿ.ಮೀ. ಕ್ವಿಕ್ ರಿಲೀಸಾ, 15x100ಆ, 15x110 ಬೂಸ್ಟಾ (ಆಕ್ಸಲ್ ದಪ್ಪ x ಹಬ್ ಅಗಲ) ಅಂತಲೂ ನೋಡಿ. ಇಲ್ಲದಿದ್ದರೆ ಫೋರ್ಕ್ ಜೊತೆ ಚಕ್ರಕ್ಕೂ ದುಡ್ಡು ಹಾಕಬೇಕಾಗುತ್ತದೆ.

ನಿಮ್ಮ ಹತ್ತಿರ ಈಗಾಗಲೇ ಒಳ್ಳೆ ಏರ್ ಫೋರ್ಕ್ ಇದ್ದರೆ ಹೊಸದು ಕೊಳ್ಳುವ ಮೊದಲು ಒಂದು ವಿಷಯ ವಿಚಾರಿಸಿ. ಹಲವು ಮಾಡೆಲ್‌ಗಳಲ್ಲಿ ಒಳಗಿನ ಏರ್ ಶಾಫ್ಟ್ ಬದಲಿಸಿ ಟ್ರಾವೆಲ್ ಹೆಚ್ಚಿಸಬಹುದು. ಹೊಸ ಫೋರ್ಕಿಗೆ ಹೋಲಿಸಿದರೆ ತುಂಬಾ ಕಡಿಮೆ ಖರ್ಚು. ಹೇಗೂ ಬಿಚ್ಚಿರುವಾಗ ಎಣ್ಣೆ, ಸೀಲ್ ಬದಲಾವಣೆಯೂ ಆಗಿಹೋಗುತ್ತದೆ.

ಹಂತ 6: ಆಂಗಲ್ ಹೆಡ್‌ಸೆಟ್

ಫ್ರೇಮಿನ ಬೇರೆ ಯಾವುದನ್ನೂ ಹೆಚ್ಚು ಕದಲಿಸದೆ ಹೆಡ್ ಆಂಗಲ್ ಮಾತ್ರ ಬದಲಿಸುವ ದಾರಿ ಇದೊಂದೇ. ಕಪ್ಪಿನ ಒಳಗೆ ಬೇರಿಂಗ್ ಕೂರುವ ಜಾಗವನ್ನೇ ಓರೆಯಾಗಿ ಕೊರೆದಿರುತ್ತಾರೆ. ಕೇನ್ ಕ್ರೀಕ್, ವರ್ಕ್ಸ್ ಕಾಂಪೊನೆಂಟ್ಸ್, ವುಲ್ಫ್ ಟೂತ್ ಕಂಪನಿಗಳು ಮಾಡುತ್ತವೆ. ಒಂದು ಡಿಗ್ರಿ, ಒಂದೂವರೆ, ಎರಡು ಹೀಗೆ ಸಿಗುತ್ತವೆ. ಹಳೆ ಹಾರ್ಡ್‌ಟೇಲ್‌ಗೆ ಒಂದು ಸಾಕು.

ಹೆಡ್ ಟ್ಯೂಬಿನ ಒಳ ಅಳತೆಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ತೆಗೆಯಿರಿ. ಮೇಲೆ 44, ಕೆಳಗೆ 56 ಮಿ.ಮೀ. ಇದ್ದರೆ ಆಯ್ಕೆ ಬಹಳ. ಬೇರಿಂಗ್ ನೇರ ಫ್ರೇಮಿನಲ್ಲೇ ಕೂರುವ ಬಗೆಯಾದರೆ ಆಯ್ಕೆ ಕಡಿಮೆ. ಕೆಲವು ಹೆಡ್‌ಸೆಟ್‌ಗಳು ನಿರ್ದಿಷ್ಟ ಉದ್ದದ ಹೆಡ್ ಟ್ಯೂಬಿಗೆ ಅಂತಲೇ ಬರುತ್ತವೆ, ಅದನ್ನೂ ಅಳೆಯಿರಿ.

ಕೂರಿಸುವಾಗ ಮೇಲಿನ ಕಪ್ಪಿನ ಗುರುತು, ಕೆಳಗಿನ ಕಪ್ಪಿನ ಗುರುತು ಎರಡೂ ಸೈಕಲ್ಲಿನ ನಟ್ಟನಡು ಗೆರೆಯಲ್ಲಿ ಇರಬೇಕು. ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಫೋರ್ಕ್ ಎಡಕ್ಕೋ ಬಲಕ್ಕೋ ವಾಲುತ್ತದೆ, ಕೈಬಿಟ್ಟರೆ ಸೈಕಲ್ ಒಂದೇ ಕಡೆ ಎಳೆಯುತ್ತದೆ. ನಾನು ಹೆಡ್ ಟ್ಯೂಬಿನ ಮುಂದೆ ಮತ್ತು ಹಿಂದೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಪೆನ್ಸಿಲ್ಲಿನಿಂದ ನಡುಗೆರೆ ಹಾಕಿಕೊಂಡೆ. ಪ್ರೆಸ್ ಅನ್ನು ಅರ್ಧ ಸುತ್ತು ತಿರುಗಿಸುವುದು, ಬಗ್ಗಿ ಗುರುತು ನೋಡುವುದು, ಮತ್ತೆ ಅರ್ಧ ಸುತ್ತು. ಒಂದು ಕಪ್ಪಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಸುತ್ತಿಗೆಯಿಂದ ಬಡಿಯಬೇಡಿ. ಪ್ರೆಸ್ ಇಲ್ಲದಿದ್ದರೆ ಅಂಗಡಿಗೆ ಕೊಡಿ, ಆದರೆ ಗುರುತಿನ ವಿಷಯ ಎದುರಿಗೇ ನಿಂತು ಹೇಳಿ.

ಒಂದು ಡಿಗ್ರಿ ಹೆಡ್‌ಸೆಟ್ ಪೂರ್ತಿ ಒಂದು ಡಿಗ್ರಿ ಕೊಡುವುದಿಲ್ಲ. ಫೋರ್ಕ್ ಚಾಚಿದಾಗ ಮುಂಭಾಗ ಮೂರು ಮಿ.ಮೀ.ನಷ್ಟು ತಗ್ಗುತ್ತದೆ, ಅದು ಸ್ವಲ್ಪ ಕಿತ್ತುಕೊಳ್ಳುತ್ತದೆ. ನನಗೆ ಸಿಕ್ಕಿದ್ದು 67.7.

ಹಂತ 7: ಜಾರಿದ್ದನ್ನು ವಾಪಸ್ ತನ್ನಿ

ಈಗ ಸೀಟು. ಕೋನ ಒಂದು ಡಿಗ್ರಿ ಹಿಂದೆ ಹೋದರೆ, 720 ಮಿ.ಮೀ. ಎತ್ತರದ ಸೀಟು ಸುಮಾರು 12 ಮಿ.ಮೀ. ಹಿಂದೆ ಹೋಗಿರುತ್ತದೆ. ಅಷ್ಟೇ ಮುಂದಕ್ಕೆ ತಳ್ಳಿ, ಮೂತಿಯನ್ನು ರಸಮಟ್ಟ ಇಟ್ಟು ಸಮ ಮಾಡಿ. ಹಿಂದಕ್ಕೆ ಬಾಗಿದ ತಲೆಯ ಸೀಟ್ ಪೋಸ್ಟ್ ಇದ್ದರೆ ನೇರ ತಲೆಯದನ್ನು ಹಾಕಿ. ಸೀಟಿನ ಅಡಿಯ ರೈಲ್ (ಕಂಬಿ) ಮೇಲಿನ ಗುರುತು ದಾಟಿ ಸೀಟನ್ನು ಸರಿಸಬೇಡಿ, ರೈಲ್ ಮುರಿಯುತ್ತದೆ. ಮೊಣಕಾಲು ನೋವು ಶುರುವಾದರೆ ನಾಲ್ಕೈದು ಮಿ.ಮೀ. ಹಿಂದೆ ತನ್ನಿ.

ಓಡಿಸುತ್ತಲೇ ಸೀಟನ್ನು ಇಳಿಸಿ ಏರಿಸುವ ಡ್ರಾಪರ್ ಪೋಸ್ಟ್ ಜಿಯೊಮೆಟ್ರಿ ಬದಲಿಸುವುದಿಲ್ಲ ಅನ್ನುವವರಿದ್ದಾರೆ. ಕಾಗದದ ಮೇಲೆ ನಿಜ. ಇಳಿಜಾರಿನಲ್ಲಿ ಸೀಟು ಕೆಳಗಿಳಿದರೆ ಮೈ ತಗ್ಗಿಸಲು, ಹಿಂದೆ ಸರಿಯಲು ಜಾಗ ಸಿಗುತ್ತದೆ. ಹೆಡ್‌ಸೆಟ್ ಅಥವಾ ಡ್ರಾಪರ್, ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ ಅಂದರೆ ನಾನು ಡ್ರಾಪರ್ ಕೊಳ್ಳಿ ಅನ್ನುತ್ತೇನೆ.

ಹಿಂದಿನ ಚಕ್ರವನ್ನು 27.5ಕ್ಕೆ ಇಳಿಸಿ ಮುಂದೆ 29 ಉಳಿಸಿಕೊಳ್ಳುವ ಮಲ್ಲೆಟ್ ಕ್ರಮವೂ ಇದೆ. ರಿಮ್ ಅಳತೆ 622ರಿಂದ 584ಕ್ಕೆ ಬರುವುದರಿಂದ ಆಕ್ಸಲ್ 19 ಮಿ.ಮೀ. ತಗ್ಗುತ್ತದೆ. ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ಕಡಿಮೆ, ಆದರೆ ಬಿಬಿ ಹನ್ನೊಂದು ಹನ್ನೆರಡು ಮಿ.ಮೀ. ಕೆಳಗೆ. ಬಂಡೆ ದಾರಿಯಲ್ಲಿ ಪೆಡಲ್ ಬಡಿಯುವುದು ಖಂಡಿತ. ಉದ್ದ ಫೋರ್ಕಿನಿಂದ ಬಿಬಿ ಏರಿರುವವರಿಗೆ ಇದು ಹೊಂದಬಹುದು, ಉಳಿದವರಿಗೆ ಬೇಡ. ಪೆಡಲ್ ಬಡಿಯುವ ತೊಂದರೆಗೆ ಕ್ರ್ಯಾಂಕನ್ನು 175ರಿಂದ 165ಕ್ಕೆ ಇಳಿಸಿ, 10 ಮಿ.ಮೀ. ನೇರ ಲಾಭ. ಆಗ ಸೀಟನ್ನು ಅಷ್ಟೇ ಏರಿಸಬೇಕು.

ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಮೊದಲು ಲಿಂಕೇಜ್‌ನಲ್ಲಿ (ಹಿಂದಿನ ಸಸ್ಪೆನ್ಷನ್ನಿನ ಕೀಲುಗಳು) ಫ್ಲಿಪ್ ಚಿಪ್ ಅನ್ನುವ ಸಣ್ಣ ತುಂಡು ಇದೆಯಾ ನೋಡಿ. ಅದನ್ನು ತಿರುಗಿಸಿ ಹಾಕಿದರೆ ಅರ್ಧ ಡಿಗ್ರಿಯಷ್ಟು ಪುಕ್ಕಟೆ. ಇಲ್ಲದಿದ್ದರೆ ಶಾಕ್‌ಗೆ ಆಫ್‌ಸೆಟ್ ಬುಶಿಂಗ್ ಹಾಕಬಹುದು. ರಂಧ್ರ ನಡುವಿನಲ್ಲಿಲ್ಲದ ಬುಶ್ ಅದು, ಹಿಂಭಾಗವನ್ನು ತಗ್ಗಿಸುತ್ತದೆ. ಹಾಕಿದ ಮೇಲೆ ಶಾಕ್‌ನ ಗಾಳಿ ಪೂರ್ತಿ ತೆಗೆದು, ಸೀಟಿನ ಮೇಲೆ ಕೂತು ಕೊನೆಯವರೆಗೆ ಒತ್ತಿ ನೋಡಿ. ಟಯರ್ ಫ್ರೇಮಿಗೆ ತಾಗಿದರೆ ಆ ಬುಶ್ ನಿಮ್ಮ ಸೈಕಲ್ಲಿಗೆ ಆಗುವುದಿಲ್ಲ.

ಹಂತ 8: ಒಂದೇ ದಾರಿ, ಒಂದೇ ಬದಲಾವಣೆ

ಹೊಸ ಸಾಮಾನು ಬಂದಾಗ ಎಲ್ಲ ಒಟ್ಟಿಗೆ ಹಾಕುವ ಆಸೆ ಸಹಜ. ತಡೆದುಕೊಳ್ಳಿ. ಒಂದನ್ನು ಹಾಕಿ, ನಿಮಗೆ ಚೆನ್ನಾಗಿ ಗೊತ್ತಿರುವ ಅದೇ ದಾರಿಯಲ್ಲಿ, ಅದೇ ಟಯರ್ ಗಾಳಿಯಲ್ಲಿ ಎರಡು ಮೂರು ಸಲ ಓಡಿಸಿ. ಹತ್ತುವುದು, ಇಳಿಯುವುದು, ಸಪಾಟು, ಮೂರರ ಬಗ್ಗೆಯೂ ಒಂದೊಂದು ಸಾಲು ಬರೆಯಿರಿ. ಮೊದಲ ದಿನ ನಿಧಾನ ಹೋಗಿ. ಚಾಚಿದ ಫೋರ್ಕಿಗೆ ತಿರುವಿನಲ್ಲಿ ಮೈಯನ್ನು ಸ್ವಲ್ಪ ಮುಂದೆ ತಂದು ಮುಂದಿನ ಚಕ್ರಕ್ಕೆ ಭಾರ ಕೊಡಬೇಕು. ಹಳೆ ಅಭ್ಯಾಸದಲ್ಲಿ ಹಿಂದೆ ಕೂತರೆ ಗರಸಿನ ಮೇಲೆ ಟಯರ್ ಹಿಡಿಯುವುದಿಲ್ಲ. ನನಗೆ ಇದು ಮೈಗೂಡಲು ಒಂದು ತಿಂಗಳು ಬೇಕಾಯಿತು. ಎರಡನೇ ಸವಾರಿ ಆದ ಮೇಲೆ ಸ್ಟೆಮ್, ಹೆಡ್‌ಸೆಟ್, ಸೀಟ್ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ.

ಹೊಸ ಫೋರ್ಕಿನ ಸ್ಟೀರರ್ ಟ್ಯೂಬ್ ಕತ್ತರಿಸುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಉಳಿದ ಉದ್ದಕ್ಕೆ ಸ್ಟೆಮ್ ಮೇಲೆ ಸ್ಪೇಸರ್ ಹಾಕಿಕೊಂಡು ಓಡಿಸಿ. ನೋಡಲು ಅಷ್ಟು ಚಂದ ಇರುವುದಿಲ್ಲ, ಇರಲಿ. ಹ್ಯಾಂಡಲ್ ಎತ್ತರ ಪೂರ್ತಿ ಒಪ್ಪಿಗೆಯಾದ ಮೇಲೆ, ಬೇಕಾದ್ದಕ್ಕಿಂತ 10 ಮಿ.ಮೀ. ಜಾಸ್ತಿ ಬಿಟ್ಟು, ಗೈಡ್ ಹಿಡಿದು ಗರಗಸ ಹಾಕಿ. ಅಂಚನ್ನು ಒಳಗೂ ಹೊರಗೂ ಅರ ಹಾಕಿ ನಯ ಮಾಡಿ, ಲೋಹದ ಪುಡಿಯನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಬೇರಿಂಗಿಗೆ ಹೊಸ ಗ್ರೀಸ್ ಹಚ್ಚಿ ಜೋಡಿಸಿ.